ಕೋನ್ ಫಿಲ್ಟರ್ ಹಾಕಿಸುವ ಮೊದಲು ಹತ್ತಡಿ ಲೆವೆಲ್ ಪೈಪ್ ತನ್ನಿ

ಪ್ರಶ್ನೆ: ಸರ್, ನನ್ನದು 2019ರ ಸ್ವಿಫ್ಟ್ ಪೆಟ್ರೋಲ್, ಮ್ಯಾನ್ಯುವಲ್ ಗೇರ್. 62 ಸಾವಿರ ಕಿ.ಮೀ. ಓಡಿದೆ. ದಿನಾ ಹುಬ್ಬಳ್ಳಿ–ಧಾರವಾಡ ಓಡಾಟ. ತಿಂಗಳಿಗೊಮ್ಮೆ ಅಂಕೋಲಾ ಹತ್ತಿರದ ನಮ್ಮ ಊರಿಗೆ ಹೋಗುತ್ತೇನೆ. ಗೆಳೆಯನೊಬ್ಬ ತನ್ನ ಕಾರಿಗೆ ಕಂಪನಿ ಬಾಕ್ಸ್ ತೆಗೆದು ಕೋನ್ ಫಿಲ್ಟರ್ (ಶಂಕುವಿನಾಕಾರದ ಏರ್ ಫಿಲ್ಟರ್) ಹಾಕಿಸಿದ್ದಾನೆ. ಹತ್ತು ಎಚ್‌ಪಿ ಜಾಸ್ತಿ ಆಯಿತು, ಮೈಲೇಜೂ ಏರಿತು ಅನ್ನುತ್ತಾನೆ. ಅಂಗಡಿಯವರು ಮೂರು ದಾರಿ ಹೇಳಿದ್ದಾರೆ. ಕಂಪನಿ ಬಾಕ್ಸಿನೊಳಗೇ ಕೂರುವ, ತೊಳೆದು ಮತ್ತೆ ಬಳಸುವ ಫಿಲ್ಟರ್‌ಗೆ 6,500 ರೂಪಾಯಿ. ಲೋಕಲ್ ಕೋನ್ ಫಿಲ್ಟರ್ ಮತ್ತು ಪೈಪಿಗೆ 4,000. ಬಂಪರ್ ಒಳಗಿನಿಂದ ತಣ್ಣನೆ ಗಾಳಿ ಎಳೆಯುವ ಕಿಟ್‌ಗೆ 18,000. ಯಾವುದು ಹಾಕಿಸಲಿ? ಕಾರು ಈಚೆಗೆ ಸ್ವಲ್ಪ ಮಂಕಾಗಿದೆ ಅನ್ನಿಸುತ್ತಿದೆ, ಅದಕ್ಕೇ ಈ ಯೋಚನೆ.

ಉತ್ತರ: ನಿಮ್ಮ ಕೊನೆಯ ಸಾಲಿನಿಂದ ಶುರು ಮಾಡುತ್ತೇನೆ. ಮೊದಲು ಚುರುಕಾಗಿದ್ದ ಕಾರು ಈಗ ಮಂಕಾಗಿದೆ ಅಂದರೆ ಏನೋ ಸವೆದಿದೆ, ಇಲ್ಲವೇ ಎಲ್ಲೋ ಕೊಳೆ ಕಟ್ಟಿದೆ. ಅದನ್ನು ಹುಡುಕದೆ 18,000 ರೂಪಾಯಿಯ ಪೈಪ್ ಹಾಕಿಸಿದರೆ ಮಂಕು ಹಾಗೇ ಉಳಿಯುತ್ತದೆ, ಸದ್ದು ಮಾತ್ರ ಜಾಸ್ತಿಯಾಗುತ್ತದೆ. ಸ್ಪಾರ್ಕ್ ಪ್ಲಗ್ ಯಾವಾಗ ಬದಲಾಯಿಸಿದ್ದು? ಥ್ರಾಟಲ್ ಬಾಡಿ, ಅಂದರೆ ಆಕ್ಸಿಲರೇಟರ್ ಒತ್ತಿದಾಗ ಇಂಜಿನ್‌ಗೆ ಗಾಳಿ ಬಿಡುವ ಬಾಗಿಲು, ಒಮ್ಮೆಯಾದರೂ ಬಿಚ್ಚಿ ಒರೆಸಿದ್ದಾರಾ? ಜ್ಯಾಕ್ ಕೊಟ್ಟು ಒಂದೊಂದೇ ಚಕ್ರ ಕೈಯಲ್ಲಿ ತಿರುಗಿಸಿ ನೋಡಿ, ಬ್ರೇಕ್ ಕಚ್ಚಿಕೊಂಡಿದ್ದರೆ ಕೈಗೇ ಗೊತ್ತಾಗುತ್ತದೆ. ನಾಲ್ಕನೇ ಗೇರಿನಲ್ಲಿ ಏರು ಹತ್ತುವಾಗ ಆಕ್ಸಿಲರೇಟರ್ ಒತ್ತಿದರೆ ಇಂಜಿನ್ ಕೂಗು ಏರಿ ಸ್ಪೀಡ್ ಏರದಿದ್ದರೆ ಕ್ಲಚ್ ಸವೆದಿದೆ. ಇದೆಲ್ಲ ನೋಡಿ ಆದ ಮೇಲೆ ಫಿಲ್ಟರ್ ಮಾತು.

ಹಾಗೆಯೇ ಫಿಲ್ಟರ್ ಕೂರುವ ಏರ್ ಬಾಕ್ಸಿನ ಕ್ಲಿಪ್ ಬಿಚ್ಚಿ ಒಳಗೆ ಏನಿದೆ ಅಂತ ನೀವೇ ಕಣ್ಣಾರೆ ನೋಡಿ. ಎರಡು ವರ್ಷದ ಹಿಂದೆ ಇದೇ ಥರ 'ಪಿಕಪ್ ಇಲ್ಲ, ದೊಡ್ಡ ಫಿಲ್ಟರ್ ಹಾಕಿ' ಅಂತ ಒಬ್ಬರು ನನ್ನ ಗ್ಯಾರೇಜಿಗೆ ಬಂದಿದ್ದರು. ಬಾಕ್ಸ್ ತೆಗೆದರೆ ಇಲಿ ಸಂಸಾರ ಹೂಡಿದೆ. ಬಾನೆಟ್ ಕೆಳಗಿನ ಹತ್ತಿ ಹಾಸು ಕಿತ್ತು ತಂದು ಗೂಡು ಕಟ್ಟಿದೆ, ಪಕ್ಕದಲ್ಲಿ ಒಂದು ಹಿಡಿ ಶೇಂಗಾ ಸಿಪ್ಪೆ. ಫಿಲ್ಟರಿನ ಮುಕ್ಕಾಲು ಭಾಗ ಮುಚ್ಚಿಹೋಗಿತ್ತು. ಗೂಡು ತೆಗೆದು ಹೊಸ ಪೇಪರ್ ಫಿಲ್ಟರ್ ಹಾಕಿದೆ, ಕೆಲವು ನೂರು ರೂಪಾಯಿ ಬಿಲ್ಲು. ಅವರಿಗೆ ಸ್ವಲ್ಪ ನಿರಾಸೆಯೇ ಆಯಿತು ಅನ್ನಿ.

ಈಗ ಗೆಳೆಯರ ಹತ್ತು ಎಚ್‌ಪಿ. ಸ್ವಲ್ಪ ಲೆಕ್ಕ ಮಾಡೋಣ, ಕಷ್ಟದ್ದೇನಲ್ಲ. ನಿಮ್ಮ ಇಂಜಿನ್ 1,197 ಸಿ.ಸಿ. ನಾಲ್ಕು ಸ್ಟ್ರೋಕಿನ ಇಂಜಿನ್ ಎರಡು ಸುತ್ತಿಗೊಮ್ಮೆ ತನ್ನ ಹೊಟ್ಟೆ ತುಂಬ ಗಾಳಿ ಎಳೆಯುತ್ತದೆ. 6,000 ಆರ್‌ಪಿಎಂನಲ್ಲಿ ನಿಮಿಷಕ್ಕೆ 3,000 ಸಲ ಎಳೆದ ಹಾಗಾಯಿತು. ಪೂರ್ತಿ ಹೊಟ್ಟೆ ಯಾವತ್ತೂ ತುಂಬುವುದಿಲ್ಲ, ನೂರಕ್ಕೆ 85 ಅಂತ ಹಿಡಿಯಿರಿ. ಸೆಕೆಂಡಿಗೆ ಸುಮಾರು 50 ಲೀಟರ್ ಗಾಳಿ. ಮನೆಗೆ ತರಿಸುವ 20 ಲೀಟರ್ ನೀರಿನ ಕ್ಯಾನ್ ಇದೆಯಲ್ಲ, ಸೆಕೆಂಡಿಗೆ ಅಂಥ ಎರಡೂವರೆ ಕ್ಯಾನ್. ಕಂಪನಿಯವರ ಬಾಕ್ಸು, ಫಿಲ್ಟರು, ಪೈಪು ಅಷ್ಟನ್ನು ಬಿಡುತ್ತವಾ ಇಲ್ಲವಾ? ಪ್ರಶ್ನೆ ಇಷ್ಟೇ.

ಇದನ್ನು ಯಾರ ಮಾತೂ ಕೇಳದೆ ನೀವೇ ಅಳೆಯಬಹುದು. ಮೇಸ್ತ್ರಿಗಳು ಗೋಡೆ ಮಟ್ಟ ನೋಡಲು ನೀರು ತುಂಬಿದ ಪಾರದರ್ಶಕ ಲೆವೆಲ್ ಪೈಪ್ ಇಟ್ಟುಕೊಂಡಿರುತ್ತಾರಲ್ಲ, ಅದೇ ಸಾಕು. ತೆಳ್ಳಗಿನ ಪೈಪ್ ಹತ್ತಡಿ ತನ್ನಿ. ಒಂದು ಮೂರಡಿ ಪ್ಲೈವುಡ್ ಪಟ್ಟಿಗೆ 'ಯು' ಆಕಾರದಲ್ಲಿ ಬಿಗಿಯಿರಿ, ನಡುವೆ ಅಳತೆ ಟೇಪು ಅಂಟಿಸಿ. ನೀರಿಗೆ ಎರಡು ಹನಿ ಕೆಂಪು ಇಂಕು ಹಾಕಿ ಅರ್ಧದವರೆಗೆ ತುಂಬಿಸಿ. ಒಂದು ತುದಿ ಸುಮ್ಮನೆ ತೆರೆದಿರಲಿ. ಇನ್ನೊಂದು ತುದಿ ಫಿಲ್ಟರ್ ಆದ ಮೇಲೆ, ಥ್ರಾಟಲ್ ಬಾಡಿಗಿಂತ ಮುಂಚೆ ಬರುವ ಪೈಪಿಗೆ ಸೇರಬೇಕು. ಅಲ್ಲಿ ಬ್ರೀದರ್ ಹೋಸ್ (ಇಂಜಿನ್ ಒಳಗಿನ ಆಯಿಲ್ ಹೊಗೆಯ ರಬ್ಬರ್ ಪೈಪು) ಬಂದು ಸೇರುವ ಸಣ್ಣ ಮೂತಿ ಇರುತ್ತದೆ, ಅದಕ್ಕೊಂದು 'ಟಿ' ಜಾಯಿಂಟ್ ಹಾಕಿದರಾಯಿತು. ಒಂದು ಎಚ್ಚರಿಕೆ. ಥ್ರಾಟಲ್ ಬಾಡಿ ಆದ ಮೇಲಿನ ಯಾವ ಮೂತಿಗೂ ಈ ಪೈಪ್ ಸಿಕ್ಕಿಸಬೇಡಿ. ಅಲ್ಲಿ ಎಳೆತ ಎಷ್ಟಿರುತ್ತದೆ ಅಂದರೆ ಕೆಂಪು ನೀರು ಪೂರ್ತಿ ಇಂಜಿನ್ ಒಳಗೆ ಹೋಗುತ್ತದೆ. ಗೊತ್ತಾಗದಿದ್ದರೆ ಮೆಕ್ಯಾನಿಕ್ ಕೈಯಲ್ಲೇ ಮಾಡಿಸಿ.

ಪಟ್ಟಿಯನ್ನು ಪಕ್ಕದ ಸೀಟಿನವರ ಕೈಗೆ ಕೊಡಿ. ನೀವು ರಸ್ತೆ ನೋಡಿ, ಅವರು ನೀರು ನೋಡಲಿ, ಮೊಬೈಲಿನಲ್ಲಿ ವಿಡಿಯೊ ತೆಗೆಯಲಿ. ಪೈಪ್ ಒಳಗೆ ಬರಲು ಕಿಟಕಿ ಒಂದಿಂಚು ಇಳಿಸಿ. ಖಾಲಿ ರಸ್ತೆಯಲ್ಲಿ ಎರಡನೇ ಗೇರಿನಲ್ಲಿ ಪೂರ್ತಿ ಆಕ್ಸಿಲರೇಟರ್ ಒತ್ತಿ 6,000ದ ಹತ್ತಿರ ಒಯ್ದು ಬಿಟ್ಟುಬಿಡಿ. ಎರಡು ಕಡೆಯ ನೀರಿನ ಮಟ್ಟಕ್ಕೆ ಇರುವ ವ್ಯತ್ಯಾಸ ಎಷ್ಟು ಸೆಂಟಿಮೀಟರ್ ಅಂತ ಬರೆದುಕೊಳ್ಳಿ.

ಹತ್ತು ಸೆಂ.ಮೀ. ನೀರು ಅಂದರೆ ಹತ್ತಿರ ಹತ್ತಿರ ಒಂದು ಕಿಲೊಪಾಸ್ಕಲ್. ಹುಬ್ಬಳ್ಳಿಯ ಎತ್ತರದಲ್ಲಿ ಗಾಳಿಯ ಒತ್ತಡ ಸುಮಾರು 94 ಕಿಲೊಪಾಸ್ಕಲ್. ಅಂದರೆ ಹತ್ತು ಸೆಂ.ಮೀ. ನೀರು ಏರಿದರೆ ನೂರಕ್ಕೆ ಒಂದು ಪಾಲು ಗಾಳಿ ಕಡಿಮೆ ಬರುತ್ತಿದೆ ಅಂತ ಅರ್ಥ. ನಿಮ್ಮ ಕಾರಿನದು 83 ಪಿಎಸ್ (ಎಚ್‌ಪಿಗೆ ಹತ್ತಿರ ಹತ್ತಿರ ಸಮ). ಗೆಳೆಯರು ಹೇಳುವ ಹತ್ತು ಎಚ್‌ಪಿ ಇದರಲ್ಲಿ ನೂರಕ್ಕೆ 12. ಆ ಮಾತು ನಿಜವಾಗಬೇಕಾದರೆ ಕಂಪನಿ ಫಿಲ್ಟರು ಮತ್ತು ಬಾಕ್ಸು ಸೇರಿ ನೂರಕ್ಕೆ 12 ಪಾಲು ಗಾಳಿ ನುಂಗುತ್ತಿರಬೇಕು. ಆಗ ನೀರಿನ ವ್ಯತ್ಯಾಸ ಒಂದು ಮೀಟರ್ ದಾಟಬೇಕು. ನಿಮ್ಮ ಮೂರಡಿ ಪಟ್ಟಿ ಸಾಲದೆ ನೀರು ಇಂಜಿನ್ ಕಡೆಯ ಪೈಪಿಗೆ ಏರಬೇಕು. ಸಾಧಾರಣ ಸಣ್ಣ ಪೆಟ್ರೋಲ್ ಕಾರುಗಳಲ್ಲಿ, ಫಿಲ್ಟರ್ ಚೊಕ್ಕವಾಗಿದ್ದರೆ, ನಾನು ಕಂಡಿದ್ದು 15ರಿಂದ 25 ಸೆಂ.ಮೀ. ಅಷ್ಟೇ. ಅದರಲ್ಲೂ ದೊಡ್ಡ ಪಾಲು ಬಾಕ್ಸಿನ ಮೂತಿ ಮತ್ತು ಪೈಪಿನ ತಿರುವುಗಳದ್ದು. ಫಿಲ್ಟರ್ ಕಾಗದದ ಪಾಲು ಕಡಿಮೆ. 20 ಸೆಂ.ಮೀ. ಪೂರ್ತಿ ಸೊನ್ನೆ ಮಾಡಿದರೂ ಸಿಗುವುದು ಒಂದೂವರೆ, ಒಂದೂಮುಕ್ಕಾಲು ಪಿಎಸ್. ಬರೀ ಫಿಲ್ಟರ್ ಬದಲಾಯಿಸಿದರೆ ಒಂದಕ್ಕಿಂತ ಕಡಿಮೆ. ನಿಮ್ಮ ಪಕ್ಕದಲ್ಲಿ ಕೂತವರು ಇಳಿದು ಹೋದರೆ ಇದಕ್ಕಿಂತ ಜಾಸ್ತಿ ಪಿಕಪ್ ಸಿಗುತ್ತದೆ.

ಇನ್ನೊಂದು ತಮಾಷೆ ಗೊತ್ತಾ? ನೀವು ತಿಂಗಳಿಗೊಮ್ಮೆ ಇದಕ್ಕಿಂತ ದೊಡ್ಡ 'ಇನ್‌ಟೇಕ್ ಕಿಟ್' ಪುಕ್ಕಟೆಯಾಗಿ ಹಾಕಿಸಿಕೊಳ್ಳುತ್ತಿದ್ದೀರಿ. ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿದು ಅಂಕೋಲಾಕ್ಕೆ ಬಂದರೆ ಸಮುದ್ರಮಟ್ಟ. ಹುಬ್ಬಳ್ಳಿಗಿಂತ ಅಲ್ಲಿ ಗಾಳಿಯ ಒತ್ತಡ ನೂರಕ್ಕೆ ಏಳೆಂಟು ಜಾಸ್ತಿ. ಕರಾವಳಿಯ ಸೆಕೆ ಅದರಲ್ಲಿ ಒಂದೆರಡು ಪಾಲು ತಿನ್ನುತ್ತದೆ. ಆದರೂ ಐದಾರು ಪಾಲು ಉಳಿಯಿತಲ್ಲ. ಅಂಕೋಲಾದಲ್ಲಿ ಕಾರು ಚುರುಕಾಗಿದೆ ಅಂತ ನಿಮಗೆ ಯಾವತ್ತಾದರೂ ಎದ್ದು ಕಂಡಿದೆಯಾ? ಐದಾರು ಪಾಲೇ ಗೊತ್ತಾಗದಿದ್ದರೆ ಒಂದು ಪಾಲು ಹೇಗೆ ಗೊತ್ತಾಗಬೇಕು?

ಹಾಗಾದರೆ ಗೆಳೆಯರು ಸುಳ್ಳು ಹೇಳಿದರಾ? ಇಲ್ಲ. ಅವರು ಕೇಳಿದ್ದನ್ನು ಹೇಳಿದ್ದಾರೆ. ಕಂಪನಿ ಬಾಕ್ಸಿನ ಪಕ್ಕ ಖಾಲಿ ಡಬ್ಬಿಯ ಹಾಗೆ ಒಂದು ಕೋಣೆ ಇರುತ್ತದೆ, ರೆಸೊನೇಟರ್ ಅಂತ. ಗಾಳಿ ಎಳೆಯುವಾಗ ಏಳುವ ಹೂಂಕಾರವನ್ನು ಅದು ನುಂಗುತ್ತದೆ. ಕೋನ್ ಹಾಕುವಾಗ ಅದನ್ನು ಕಿತ್ತು ಮೂಲೆಗೆ ಎಸೆಯುತ್ತಾರೆ. ಆಮೇಲೆ 3,500 ದಾಟುತ್ತಿದ್ದ ಹಾಗೆ ಬಾನೆಟ್ ಒಳಗಿಂದ ಗುಂಯ್ ಅನ್ನುವ ಸದ್ದು. ಕಿವಿಗೆ ಸದ್ದು ಬಿದ್ದರೆ ಕಾಲು ತಾನಾಗೇ ಇನ್ನಷ್ಟು ಒತ್ತುತ್ತದೆ, ಕಾರು ಓಡುತ್ತದೆ, ಮನಸ್ಸು 'ಹತ್ತು ಎಚ್‌ಪಿ' ಅನ್ನುತ್ತದೆ. ಆ ಸದ್ದು ನನಗೂ ಇಷ್ಟ, ಸುಳ್ಳು ಯಾಕೆ ಹೇಳಲಿ. ಸದ್ದಿಗಾಗಿ 4,000 ಕೊಡುತ್ತೇನೆ ಅನ್ನುವವರ ಜೊತೆ ನನಗೆ ಜಗಳವಿಲ್ಲ. ಅದೇ ದುಡ್ಡನ್ನು ಪವರ್ ಅಂತ ಕೊಟ್ಟರೆ ಮಾತ್ರ ಬೇಸರ.

ಮೈಲೇಜ್ ಮಾತು ಇನ್ನೂ ಸುಲಭ. ಊರೊಳಗೆ 40–50ರಲ್ಲಿ ಹೋಗುವಾಗ ಗಾಳಿಯನ್ನು ತಡೆಯುವುದು ಫಿಲ್ಟರ್ ಅಲ್ಲ, ನಿಮ್ಮ ಕಾಲು. ಥ್ರಾಟಲಿನ ಬಾಗಿಲು ಅರೆಬರೆ ತೆರೆದಿರುತ್ತದೆ, ಅದರಾಚೆ ಒತ್ತಡ ಹೊರಗಿನದರ ಅರ್ಧದಷ್ಟಿರುತ್ತದೆ. ಮುಂದಿನ ಬಾಗಿಲೇ ಅರ್ಧ ಮುಚ್ಚಿರುವಾಗ ಹಿಂದಿನ ಪರದೆ ತೆಳ್ಳಗಾದರೇನು, ದಪ್ಪಗಾದರೇನು? ಗಾಳಿ ಎಷ್ಟು ಬಂತು ಅಂತ ಸೆನ್ಸರ್ ನೋಡಿ ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಅದಕ್ಕೆ ತಕ್ಕಷ್ಟೇ ಪೆಟ್ರೋಲ್ ಬಿಡುತ್ತದೆ, ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿಯ ತೂಕದಲ್ಲಿ. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಇದನ್ನೇ ಕಾರುಗಳ ಮೇಲೆ ಪರೀಕ್ಷೆ ಮಾಡಿತು. ಬೇಕಂತಲೇ ಫಿಲ್ಟರ್ ಮುಚ್ಚಿಹೋಗುವ ಹಾಗೆ ಮಾಡಿ ಓಡಿಸಿದರು. ಇಂಜೆಕ್ಷನ್ ಇರುವ ಪೆಟ್ರೋಲ್ ಕಾರುಗಳ ಮೈಲೇಜಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಪೂರ್ತಿ ಆಕ್ಸಿಲರೇಟರ್ ಕೊಟ್ಟಾಗಿನ ಓಟ ಮಾತ್ರ ಕುಗ್ಗಿತು. 'ಫಿಲ್ಟರ್ ಕಟ್ಟಿದರೆ ಪೆಟ್ರೋಲ್ ಕುಡಿಯುತ್ತದೆ' ಅನ್ನುವುದು ಕಾರ್ಬುರೇಟರ್ ಕಾಲದ ಮಾತು. ಆ ಕಾಲಕ್ಕೆ ನಿಜವೇ ಆಗಿತ್ತು.

ಈಗ ನಿಮ್ಮ ಮೂರು ದಾರಿಗೆ ಬರೋಣ. 4,000ದ ಕೋನ್ ಮೊದಲು, ಯಾಕೆಂದರೆ ಅದನ್ನು ಬೇಗ ತಳ್ಳಿಹಾಕಬಹುದು. ಕಂಪನಿ ಬಾಕ್ಸಿನ ಮೂತಿ ಎಲ್ಲಿದೆ ನೋಡಿ. ಬಾನೆಟ್ ಅಂಚಿನಲ್ಲಿ, ರೇಡಿಯೇಟರ್‌ಗಿಂತ ಮೇಲೆ, ಹೊರಗಿನ ಗಾಳಿ ಸಿಗುವ ಜಾಗದಲ್ಲಿ. ಅಂದರೆ 'ಕೋಲ್ಡ್ ಏರ್ ಇನ್‌ಟೇಕ್' ನಿಮ್ಮ ಕಾರಿಗೆ ಶೋರೂಮಿನಲ್ಲೇ ಬಂದಿದೆ. ಅದನ್ನು ಕಿತ್ತು ಇಂಜಿನ್ ಪಕ್ಕ ಬಯಲಿನಲ್ಲಿ ಕೋನ್ ನಿಲ್ಲಿಸಿದರೆ ಅದು ಎಳೆಯುವುದು ರೇಡಿಯೇಟರಿನಿಂದ, ಎಕ್ಸಾಸ್ಟಿನಿಂದ ಬಂದ ಬಿಸಿ ಗಾಳಿ. ಮೂರು ಡಿಗ್ರಿ ಬಿಸಿಯಾದರೆ ಗಾಳಿ ನೂರಕ್ಕೆ ಒಂದು ಪಾಲು ತೆಳ್ಳಗಾಗುತ್ತದೆ, ಲೆಕ್ಕ ಅಷ್ಟು ಸರಳ. ಹೊಸೂರು ಸರ್ಕಲ್ಲಿನ ಸಿಗ್ನಲ್ಲಿನಲ್ಲಿ ಐದು ನಿಮಿಷ ನಿಂತರೆ ಬಾನೆಟ್ ಒಳಗಿನ ಗಾಳಿ 60 ಡಿಗ್ರಿ ದಾಟುವುದು ಮಾಮೂಲು. ಹೊರಗೆ 33 ಇದ್ದರೆ ಒಂಬತ್ತು ಪಾಲು ಹೋಯಿತು. ಫಿಲ್ಟರಿನಲ್ಲಿ ಒಂದು ಪಾಲು ಗಳಿಸಿ ಬಿಸಿಯಲ್ಲಿ ಒಂಬತ್ತು ಪಾಲು ಕೊಟ್ಟ ಹಾಗಾಯಿತಲ್ವಾ? ಕಾರು ಓಡತೊಡಗಿದ ಮೇಲೆ ಇದು ಸುಧಾರಿಸುತ್ತದೆ, ಆದರೆ ಹೊರಗಿನ ಗಾಳಿಯಷ್ಟು ತಣ್ಣಗೆ ಬರುವುದಿಲ್ಲ.

ಇದನ್ನೂ ನೀವೇ ನೋಡಬಹುದು. ಸ್ಟಿಯರಿಂಗ್ ಕೆಳಗೆ ಇಸಿಯು ಮಾಹಿತಿ ಓದಲು ಇರುವ ಒಬಿಡಿ ಪೋರ್ಟಿಗೆ ಸಿಕ್ಕಿಸುವ ಬ್ಲೂಟೂತ್ ಡಬ್ಬಿ ಸಾವಿರ ರೂಪಾಯಿ ಒಳಗೆ ಬರುತ್ತದೆ. ಮೊಬೈಲಿನ ಆ್ಯಪ್‌ನಲ್ಲಿ 'ಇನ್‌ಟೇಕ್ ಏರ್ ಟೆಂಪರೇಚರ್' ಅನ್ನುವ ಸಾಲು ತೆರೆದಿಡಿ. ಗೆಳೆಯರ ಕಾರಿಗೂ ಸಿಕ್ಕಿಸಿ, ಇಬ್ಬರೂ ಒಟ್ಟಿಗೆ ಧಾರವಾಡಕ್ಕೆ ಒಂದು ರೌಂಡ್ ಹೋಗಿ ಬನ್ನಿ. ವಾದ ಅಲ್ಲಿಗೆ ಮುಗಿಯುತ್ತದೆ.

ಕೆಲವರು ಅಲ್ಯುಮಿನಿಯಂ ಪೈಪ್ ಬಿಸಿಯಾಗುತ್ತದೆ, ಪ್ಲಾಸ್ಟಿಕ್ ಒಳ್ಳೆಯದು ಅಂತ ಗಂಟೆಗಟ್ಟಲೆ ವಾದ ಮಾಡುತ್ತಾರೆ. ಪೂರ್ತಿ ಓಟದಲ್ಲಿ ಅರ್ಧ ಮೀಟರ್ ಪೈಪನ್ನು ಗಾಳಿ ದಾಟಲು ಬೇಕಾಗುವುದು ಸೆಕೆಂಡಿನ ನೂರನೇ ಮೂರು ಭಾಗ. ಅಷ್ಟರೊಳಗೆ ಅದು ಎಷ್ಟು ಬಿಸಿಯಾದೀತು? ಮೂತಿ ಎಲ್ಲಿಂದ ಎಳೆಯುತ್ತದೆ ಅನ್ನುವುದು ಮುಖ್ಯ. ಪೈಪು ಯಾವುದರದ್ದು ಅನ್ನುವುದು ಬರೀ ಚಂದಕ್ಕೆ.

ಲೋಕಲ್ ಕೋನ್ ಕಿಟ್ಟಿನಲ್ಲಿ ಬಿಸಿಗಿಂತ ಕೆಟ್ಟದ್ದು ಇನ್ನೊಂದಿದೆ. ಬ್ರೀದರ್ ಹೋಸ್ ಸೇರಲು ಪೈಪಿನಲ್ಲಿ ಮೂತಿಯೇ ಇರುವುದಿಲ್ಲ. ಆಗ ಅಂಗಡಿಯ ಹುಡುಗರು ಆ ಹೋಸಿನ ತುದಿಗೆ ಲಿಂಬೆಹಣ್ಣಿನಷ್ಟು ದೊಡ್ಡ ಫಿಲ್ಟರ್ ಸಿಕ್ಕಿಸಿ ಕೈ ತೊಳೆದುಕೊಳ್ಳುತ್ತಾರೆ. ಕ್ರ್ಯಾಂಕ್‌ಕೇಸಿನ ಆಯಿಲ್ ಹೊಗೆ ಬಾನೆಟ್ ತುಂಬ ಹರಡುತ್ತದೆ, ಎಸಿ ಹಾಕಿದರೆ ವಾಸನೆ ಒಳಗೆ ಬರುತ್ತದೆ, ಎಮಿಷನ್ ನಿಯಮವೂ ಮುರಿಯುತ್ತದೆ.

ಸೆನ್ಸರ್ ವಿಷಯಕ್ಕೆ ಸ್ವಲ್ಪ ಹೊತ್ತು ಕೊಡಿ, ಇಲ್ಲೇ ಜನ ಜಾಸ್ತಿ ಕೈ ಸುಟ್ಟುಕೊಳ್ಳುವುದು. ಗಾಳಿ ಎಷ್ಟು ಬಂತು ಅಂತ ತಿಳಿಯಲು ಕಾರುಗಳಲ್ಲಿ ಎರಡು ಪದ್ಧತಿ. ಒಂದರಲ್ಲಿ ಮ್ಯಾನಿಫೋಲ್ಡಿನ, ಅಂದರೆ ಥ್ರಾಟಲ್ ದಾಟಿದ ಗಾಳಿಯನ್ನು ಸಿಲಿಂಡರ್‌ಗಳಿಗೆ ಹಂಚುವ ಕೊಳವೆಯ, ಒತ್ತಡ ಅಳೆಯುತ್ತಾರೆ, ಅದು ಮ್ಯಾಪ್ ಸೆನ್ಸರ್. ಇನ್ನೊಂದರಲ್ಲಿ ಫಿಲ್ಟರ್ ದಾಟಿದ ಕೂಡಲೇ ಪೈಪಿನೊಳಗೆ ಕೂದಲೆಳೆಯಂಥ ಬಿಸಿ ತಂತಿ ಇಟ್ಟು, ಗಾಳಿ ಅದನ್ನು ಎಷ್ಟು ತಣ್ಣಗೆ ಮಾಡಿತು ಅಂತ ನೋಡುತ್ತಾರೆ, ಅದು ಮಾಫ್ ಸೆನ್ಸರ್. ನಿಮ್ಮ ಕಾರಿನಲ್ಲಿ ಯಾವುದಿದೆ ಅಂತ ಗೊತ್ತಾಗಬೇಕಾದರೆ ಏರ್ ಬಾಕ್ಸಿನಿಂದ ಹೊರಡುವ ಪೈಪಿನ ಬುಡದಲ್ಲಿ ವೈರು ಬಂದು ಸೇರುವ ಸೆನ್ಸರ್ ಇದೆಯಾ ನೋಡಿ. ಆ್ಯಪ್‌ನಲ್ಲಿ ಸೆಕೆಂಡಿಗೆ ಇಷ್ಟು ಗ್ರಾಂ ಗಾಳಿ ಅಂತ ಕಾರೇ ನೇರವಾಗಿ ಹೇಳುತ್ತಿದ್ದರೆ ಮಾಫ್ ಇದೆ ಅಂತಲೇ ಲೆಕ್ಕ.

ಮಾಫ್ ಇರುವ ಕಾರಿಗೆ ಕಣ್ಣಳತೆಯ ಪೈಪ್ ಹಾಕಬಾರದು. ಯಾಕೆ ಅಂದರೆ ಆ ತಂತಿ ಗಾಳಿಯ ವೇಗವನ್ನು ಮಾತ್ರ ನೋಡುತ್ತದೆ. ಪೈಪಿನ ಅಗಲ ಕಂಪನಿ ಇಟ್ಟಷ್ಟೇ ಇದೆ ಅಂತ ಇಸಿಯು ನಂಬಿಕೊಂಡಿರುತ್ತದೆ. 70 ಮಿ.ಮೀ. ಜಾಗದಲ್ಲಿ 76 ಮಿ.ಮೀ. ಪೈಪ್ ಹಾಕಿದಿರಿ ಅನ್ನಿ. ಆರು ಮಿಲಿಮೀಟರ್ ಏನು ಮಹಾ ಅನ್ನಿಸುತ್ತದೆ. ಆದರೆ ಬಾಯಿಯ ಅಳತೆ ನೂರಕ್ಕೆ 18 ದೊಡ್ಡದಾಗುತ್ತದೆ. ಅಷ್ಟೇ ಗಾಳಿ ನಿಧಾನವಾಗಿ ಹೋಗುತ್ತದೆ, ಸೆನ್ಸರ್ 15 ಪಾಲು ಕಡಿಮೆ ಓದುತ್ತದೆ, ಪೆಟ್ರೋಲ್ ಅಷ್ಟು ಕಡಿಮೆ ಬೀಳುತ್ತದೆ. ಎಕ್ಸಾಸ್ಟಿನ ಆಕ್ಸಿಜನ್ ಸೆನ್ಸರ್ ನೋಡಿ ಇಸಿಯು ಸ್ವಲ್ಪ ಸರಿ ಮಾಡಿಕೊಳ್ಳಲು ಹೆಣಗುತ್ತದೆ. ಆಮೇಲೆ ಒಂದು ದಿನ ಚೆಕ್ ಇಂಜಿನ್ ಲೈಟ್, ಸ್ಕ್ಯಾನರ್ ಹಾಕಿದರೆ ಪಿ0171. 'ಮಿಶ್ರಣದಲ್ಲಿ ಪೆಟ್ರೋಲ್ ಸಾಲದು' ಅಂತ ಅದರ ಅರ್ಥ. ಹಾಗೇ ಓಡಿಸಿದರೆ ಪಿಸ್ಟನ್ ಬಿಸಿ ಏರುತ್ತದೆ, ನಾಕ್ (ಇಂಧನ ಅಡ್ಡಾದಿಡ್ಡಿ ಉರಿದು ಏಳುವ ಟಕಟಕ ಸದ್ದು) ಬರುತ್ತದೆ. ಯಾವುದೇ ಕಿಟ್ ಹಾಕಿದ ಮೇಲೆ ಒಂದು ವಾರ ಆ್ಯಪ್‌ನಲ್ಲಿ ಲಾಂಗ್ ಟರ್ಮ್ ಫ್ಯುಯೆಲ್ ಟ್ರಿಮ್ ನೋಡುತ್ತಿರಿ, ಇಸಿಯು ಪೆಟ್ರೋಲನ್ನು ನೂರಕ್ಕೆ ಎಷ್ಟು ಪಾಲು ಹೆಚ್ಚು ಕಡಿಮೆ ಮಾಡಿ ಸರಿದೂಗಿಸುತ್ತಿದೆ ಅನ್ನುವ ಅಂಕಿ ಅದು. ಐದರ ಆಚೀಚೆ ಇದ್ದರೆ ನಿಶ್ಚಿಂತೆ. ಹತ್ತು ದಾಟಿದರೆ ಕಿಟ್ ಬಿಚ್ಚಿಡಿ.

ಇನ್ನು ಬಂಪರ್ ಒಳಗೆ ಇಳಿಯುವ 18,000ದ ಕಿಟ್. ತಣ್ಣನೆ ಗಾಳಿ ಸಿಗುತ್ತದೆ, ಅದು ನಿಜ. ಆದರೆ ಫಿಲ್ಟರ್ ನೆಲದಿಂದ ಒಂದಡಿ ಎತ್ತರದಲ್ಲಿ ಫಾಗ್ ಲ್ಯಾಂಪ್ ಹಿಂದೆ ಕೂತಿರುತ್ತದೆ. ನೀವು ಜುಲೈನಲ್ಲೂ ಯಲ್ಲಾಪುರ ದಾರಿಯಲ್ಲಿ ಓಡಾಡುವವರು. ನೀರು ನಿಂತ ಜಾಗಕ್ಕೆ ಕಾರು ನುಗ್ಗಿದರೆ ಫಿಲ್ಟರ್ ಸೊಂಡಿಲಿನ ಹಾಗೆ ನೀರು ಎಳೆಯುತ್ತದೆ. ಗಾಳಿಯನ್ನು ಹಿಂಡಬಹುದು, ನೀರನ್ನು ಹಿಂಡಲು ಆಗುವುದಿಲ್ಲ. ಪಿಸ್ಟನ್ ಮೇಲೆ ಬರುತ್ತದೆ, ನೀರು ಜಗ್ಗುವುದಿಲ್ಲ, ನಡುವೆ ಪಿಸ್ಟನ್ನನ್ನು ತಳ್ಳುವ ಕನೆಕ್ಟಿಂಗ್ ರಾಡ್ ಬಾಗುತ್ತದೆ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬೆಳ್ಳಂದೂರು, ಹೊರ ವರ್ತುಲ ರಸ್ತೆ ಮುಳುಗಿದಾಗ ಹೀಗೆ ಕೆಟ್ಟ ಇಂಜಿನ್‌ಗಳನ್ನು ಬಿಚ್ಚಿದ್ದೇನೆ. ಒಂದು ರಾಡನ್ನು ಈಗಲೂ ಬೆಂಚಿನ ಮೇಲೆ ಇಟ್ಟುಕೊಂಡಿದ್ದೇನೆ, ಕಿಟ್ ಕೇಳಿ ಬಂದವರ ಕೈಗೆ ಮೊದಲು ಅದನ್ನೇ ಕೊಡುವುದು. ಬಾಳೆಗೊನೆಯ ದಿಂಡಿನ ಹಾಗೆ ಬಾಗಿದೆ. ಸಾಮಾನ್ಯವಾಗಿ ಮಾಮೂಲಿ ವಿಮೆಯಲ್ಲಿ ಇದಕ್ಕೆ ದುಡ್ಡು ಸಿಗುವುದಿಲ್ಲ, ಇಂಜಿನ್ ಪ್ರೊಟೆಕ್ಟ್ ಅಂತ ಬೇರೆ ಕಟ್ಟಿರಬೇಕು. ಕಟ್ಟಿದ್ದರೂ, ವಿಮೆಯವರಿಗೆ ಹೇಳದೆ ಮೂತಿ ಕೆಳಗಿಳಿಸಿದ್ದೀರಿ ಅಂತ ಸರ್ವೇಯರ್ ಬರೆದರೆ ಮುಗಿಯಿತು.

ಕಾನೂನೂ ಗೊತ್ತಿರಲಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಸೆಕ್ಷನ್ನಿನಲ್ಲಿ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಅದೇ ಬಾಕ್ಸಿನೊಳಗೆ ಬೇರೆ ಫಿಲ್ಟರ್ ಕೂತರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಅದು ಸರ್ವಿಸಿನಲ್ಲಿ ಬದಲಾಗುವ ಸಾಮಾನು. ಬಾಕ್ಸೇ ಮಾಯವಾದರೆ ಮಾತು ಬೇರೆ.

ಉಳಿದಿದ್ದು 6,500ರ ಫಿಲ್ಟರ್. ಮೂರರಲ್ಲಿ ಮರ್ಯಾದಸ್ಥ ಅಂದರೆ ಇದೇ. ಬಾಕ್ಸ್ ಹಾಗೇ ಇರುತ್ತದೆ, ತಣ್ಣನೆ ಗಾಳಿ ಹಾಗೇ ಇರುತ್ತದೆ, ಮೂತಿ ಮೇಲೇ ಇರುತ್ತದೆ. ಎಣ್ಣೆ ಸವರಿದ ಹತ್ತಿ ಬಟ್ಟೆಯ ಫಿಲ್ಟರ್‌ಗಳನ್ನು ಜನಪ್ರಿಯ ಮಾಡಿದ್ದು ಕ್ಯಾಲಿಫೋರ್ನಿಯಾದ ಕೆ ಅಂಡ್ ಎನ್, 1969ರಿಂದ ಮಾಡುತ್ತಿದ್ದಾರೆ. ಇಟಲಿಯ ಬಿಎಂಸಿಯದೂ ಇದೇ ಜಾತಿ, ಇಂಗ್ಲೆಂಡಿನ ಪೈಪರ್‌ಕ್ರಾಸ್‌ನದು ಫೋಮ್. ಎಣ್ಣೆಯೇ ಬೇಡದ ಒಣ ಸಿಂಥೆಟಿಕ್ ಬಟ್ಟೆಯವೂ ಸಿಗುತ್ತವೆ. ನಮ್ಮ ಕಡೆಯ ದೂಳಿಗೆ ನನ್ನ ಓಟು ಒಣ ಬಟ್ಟೆಗೆ. ಎಣ್ಣೆ ಫಿಲ್ಟರ್ ಕೆಟ್ಟದ್ದು ಅಂತಲ್ಲ, ಅದನ್ನು ತೊಳೆಯುವ ಕೈಗಳ ಮೇಲೆ ನನಗೆ ನಂಬಿಕೆ ಇಲ್ಲ. ಡೀಸೆಲ್ ಕಾರಿನವರೊಬ್ಬರು ಫಿಲ್ಟರ್ ತೊಳೆದು, ಜೊತೆಗೆ ಬಂದ ಎಣ್ಣೆ ಮುಗಿದಿತ್ತು ಅಂತ, ಇಂಜಿನ್ ಆಯಿಲ್ ಸುರಿದು ಹಾಕಿದ್ದರು. ಎಣ್ಣೆ ಹಾರಿ ಮಾಫ್ ಸೆನ್ಸರಿನ ತಂತಿಗೆ ಅಂಟಿ, ಅದರ ಮೇಲೆ ದೂಳು ಕೂತು, ಕಾರು ಘಟ್ಟ ಹತ್ತಲಾರದೆ ಬಂತು. ಸೆನ್ಸರ್ ಕ್ಲೀನರ್ ಹೊಡೆದು ನೋಡಿದೆವು, ಬದುಕಲಿಲ್ಲ. ಹೊಸ ಸೆನ್ಸರಿಗೆ ಫಿಲ್ಟರಿಗಿಂತ ಜಾಸ್ತಿ ದುಡ್ಡು ಹೋಯಿತು.

ಎಣ್ಣೆ ಫಿಲ್ಟರೇ ತಗೊಂಡರೆ ಅದರ ಕ್ಲೀನರಿನಲ್ಲೇ ತೊಳೆಯಿರಿ. ಸೀಮೆಎಣ್ಣೆ, ಪೆಟ್ರೋಲ್ ಬೇಡ. ಒಳಗಿನ, ಅಂದರೆ ಚೊಕ್ಕ ಇರುವ ಕಡೆಯಿಂದ ಹೊರಕ್ಕೆ ಸಣ್ಣಗೆ ನೀರು ಬಿಡಿ. ನೆರಳಲ್ಲಿ ಒಣಗಲಿ, ಏರ್ ಗನ್ ಹಿಡಿಯಬೇಡಿ. ಮಡಿಕೆ ಮಡಿಕೆಗೂ ತೆಳ್ಳಗೆ ಒಂದು ಗೆರೆ ಎಣ್ಣೆ, ಇಪ್ಪತ್ತು ನಿಮಿಷ ಬಿಟ್ಟು ಬಿಳಿ ಉಳಿದ ಕಡೆ ಮಾತ್ರ ಇನ್ನೊಂದು ಹನಿ. ತೊಟ್ಟಿಕ್ಕುವಷ್ಟು ಹಾಕಿದರೆ ಮೇಲೆ ಹೇಳಿದ ಕತೆಯೇ.

ದೂಳಿನ ಲೆಕ್ಕ ಯಾರೂ ಹೇಳುವುದಿಲ್ಲ, ಅದನ್ನೂ ಕೇಳಿ. ಫಿಲ್ಟರಿನ ಕೆಲಸ ಗಾಳಿ ಬಿಡುವುದಕ್ಕಿಂತ ಮೊದಲು ಮಣ್ಣು ಹಿಡಿಯುವುದು. ಒಂದು ಫಿಲ್ಟರ್ ನೂರಕ್ಕೆ 99 ಪಾಲು ದೂಳು ಹಿಡಿಯುತ್ತದೆ, ಇನ್ನೊಂದು 97 ಅನ್ನಿ. ಎರಡೇ ವ್ಯತ್ಯಾಸ ಅನ್ನಿಸುತ್ತದೆ. ಆದರೆ ಒಳಗೆ ಹೋಗುವ ದೂಳು ನೋಡಿದರೆ ಒಂದು ಪಾಲು ಮತ್ತು ಮೂರು ಪಾಲು. ಮೂರು ಪಟ್ಟು! ಮರಳಿನ ಸಣ್ಣ ಕಣ ಸಿಲಿಂಡರ್ ಬೋರಿಗೆ ಉಪ್ಪುಕಾಗದ ಉಜ್ಜಿದ ಹಾಗೆ. ಬೆಂಗಳೂರಿನೊಳಗೇ ಓಡಾಡುವವರಿಗೆ ಇದು ದೊಡ್ಡ ವಿಷಯವಲ್ಲ. ಬಳ್ಳಾರಿಯ ಅದಿರು ಲಾರಿಗಳ ಹಿಂದೆ, ಇಲ್ಲವೇ ಕೆಲಸ ನಡೆಯುತ್ತಿರುವ ಹೈವೇಯ ಮಣ್ಣಿನ ಬದಿಯಲ್ಲಿ ದಿನಾ ಹೋಗುವವರಿಗೆ ಖಂಡಿತ ದೊಡ್ಡದು. ಹಾಗಾಗಿ ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ 'ಎಷ್ಟು ಎಚ್‌ಪಿ' ಅಂತಲ್ಲ, 'ಐಎಸ್‌ಒ 5011 ಟೆಸ್ಟಿನಲ್ಲಿ ಎಷ್ಟು ಪಾಲು ದೂಳು ಹಿಡಿದಿದೆ' ಅಂತ. ಫಿಲ್ಟರ್‌ಗಳನ್ನು ಹೋಲಿಸಲು ಇರುವ ಪರೀಕ್ಷೆ ಅದು. ಒಳ್ಳೆಯ ಕಂಪನಿಗಳು ಅಂಕಿ ಕೊಡುತ್ತವೆ. ಉತ್ತರ ಬರದಿದ್ದರೆ ಅಲ್ಲಿ ತಗೊಳ್ಳಬೇಡಿ.

ಕೊಳ್ಳುವಾಗ ಹಳೆ ಫಿಲ್ಟರ್ ಜೊತೆಗೆ ಒಯ್ಯಿರಿ, ಎರಡನ್ನೂ ಮೇಜಿನ ಮೇಲೆ ಪಕ್ಕ ಪಕ್ಕ ಇಡಿ. ಅಂಚಿನ ರಬ್ಬರ್ ಅಷ್ಟೇ ದಪ್ಪ ಇದೆಯಾ, ಮೂಲೆ ಸರಿಯಾಗಿ ಕೂರುತ್ತಾ ನೋಡಿ. ಅಂಚಿನಲ್ಲಿ ಅರ್ಧ ಮಿಲಿಮೀಟರ್ ಸಂದು ಬಿಟ್ಟರೆ ನಡುವಿನ ಬಟ್ಟೆ ಎಷ್ಟು ಒಳ್ಳೆಯದಿದ್ದರೂ ವ್ಯರ್ಥ, ದೂಳು ಸಂದಿಯಿಂದ ಹೋಗುತ್ತದೆ. ಬೆಂಗಳೂರಿನ ಜೆ.ಸಿ. ರೋಡಿನಲ್ಲಾಗಲಿ ಆನ್‌ಲೈನಿನಲ್ಲಾಗಲಿ ಹೆಸರಾಂತ ಬ್ರ್ಯಾಂಡಿನ ಡುಪ್ಲಿಕೇಟ್ ಧಾರಾಳ, 6,500ರ ಮಾಲು 1,800ಕ್ಕೆ ಸಿಕ್ಕರೆ ಖುಷಿಪಡಬೇಡಿ. ಹಾಕಿಸಿ ಸಾವಿರ ಕಿ.ಮೀ. ಆದ ಮೇಲೆ ಪೈಪ್ ಬಿಚ್ಚಿ, ಫಿಲ್ಟರ್ ದಾಟಿದ ಕಡೆ ಬಿಳಿ ಬಟ್ಟೆ ಸುತ್ತಿದ ಬೆರಳಿಂದ ಒರೆಸಿ. ಕೆಂಪು ಮಣ್ಣು ಬಂದರೆ ಅವತ್ತೇ ಹಳೇದು ವಾಪಸ್ ಹಾಕಿ. ಹಾಗಾಗಿ ಹಳೆಯದನ್ನು ಅಂಗಡಿಯಲ್ಲಿ ಬಿಟ್ಟು ಬರಬೇಡಿ.

ದುಡ್ಡಿನ ಲೆಕ್ಕವೂ ಹಾಗೇ. ಪೇಪರ್ ಫಿಲ್ಟರ್ 400–500 ರೂಪಾಯಿ ಅಂತ ಹಿಡಿದರೆ 6,500ಕ್ಕೆ ಹದಿಮೂರು ಬರುತ್ತವೆ. 20 ಸಾವಿರಕ್ಕೊಂದು ಬದಲಾಯಿಸಿದರೂ 2.6 ಲಕ್ಷ ಕಿ.ಮೀ. ನಿಮ್ಮ ಓಡಾಟದಲ್ಲಿ ಅಷ್ಟರೊಳಗೆ ಕಾರೇ ಬದಲಾಗಿರುತ್ತದೆ.

ಟರ್ಬೊ ಕಾರಿನವರು ಓದುತ್ತಿದ್ದರೆ ಅವರಿಗೊಂದು ಮಾತು. ಇಸಿಯು ರೀಮ್ಯಾಪ್ ಮಾಡಿಸಿ, ಅಂದರೆ ಅದರ ಪ್ರೋಗ್ರಾಂ ಬದಲಾಯಿಸಿ, ಬೂಸ್ಟ್ (ಟರ್ಬೊ ಗಾಳಿ ತುಂಬುವ ಒತ್ತಡ) ಏರಿಸಿದವರಿಗೆ ದೊಡ್ಡ ಇನ್‌ಟೇಕ್ ನಿಜಕ್ಕೂ ಕೆಲಸಕ್ಕೆ ಬರುತ್ತದೆ, ಟರ್ಬೊ ಮುಂದಿನ ಅಡ್ಡಿ ಕಡಿಮೆಯಾದಷ್ಟೂ ಅದಕ್ಕೆ ಹಗುರ. ಆದರೆ ಮುಚ್ಚಿದ ಬಾಕ್ಸಿನ ಕಿಟ್ಟೇ ತಗೊಳ್ಳಿ. ರೀಮ್ಯಾಪ್ ಮಾಡುವವರು ಅದೇ ಕಿಟ್ ಇಟ್ಟುಕೊಂಡು ಡೈನೋ (ಕಾರಿನ ಪವರ್ ಅಳೆಯುವ ಯಂತ್ರ) ಮೇಲೆ ಓಡಿಸಿ ತೋರಿಸಲಿ, ಮುಂಚೆ ಮೂರು ಸಲ, ಆಮೇಲೆ ಮೂರು ಸಲ. ಏನನ್ನೂ ಮುಟ್ಟದೆ ಓಡಿಸಿದರೂ ಡೈನೋದಲ್ಲಿ ಒಂದೆರಡು ಪಾಲು ಮೇಲೆ ಕೆಳಗೆ ಆಗುತ್ತದೆ. ಒಂದೇ ಸಲದ ಚೀಟಿ ತೋರಿಸಿದರೆ ನಂಬಬೇಡಿ.

ನಿಮಗೆ ನನ್ನ ಸಲಹೆ: ಈ ತಿಂಗಳು ಪ್ಲಗ್, ಥ್ರಾಟಲ್ ಬಾಡಿ, ಹೊಸ ಪೇಪರ್ ಫಿಲ್ಟರ್. ಫಿಲ್ಟರ್ ಬದಲಾಯಿಸುವ ಮುಂಚೆ ಒಂದು ಸಲ, ಆದ ಮೇಲೆ ಒಂದು ಸಲ ಲೆವೆಲ್ ಪೈಪಿನಲ್ಲಿ ಅಳೆಯಿರಿ. ಹೊಸ ಪೇಪರ್ ಫಿಲ್ಟರ್ ಇದ್ದೂ 30 ಸೆಂ.ಮೀ. ಮೇಲೆ ಬಂದರೆ ಬಾಕ್ಸಿನ ಮೂತಿಯಲ್ಲಿ ಏನೋ ಸಿಕ್ಕಿಕೊಂಡಿದೆ, ಇಣುಕಿ ನೋಡಿ. 20ರ ಆಸುಪಾಸು ಬಂದರೆ ಪರ್ಸು ಒಳಗಿಡಿ. ಅಷ್ಟಾದರೂ ಗುಂಯ್ ಅನ್ನುವ ಸದ್ದು ಬೇಕೇ ಬೇಕು ಅನ್ನಿಸಿದರೆ ಗೆಳೆಯರ ಕಾರನ್ನು ಒಂದು ವಾರ ಇಸ್ಕೊಂಡು ಓಡಿಸಿ, ಮನೆಯವರನ್ನೂ ಕೂರಿಸಿಕೊಂಡು ಅಂಕೋಲಾದವರೆಗೆ ಹೋಗಿ ಬನ್ನಿ. ನಾಲ್ಕು ಗಂಟೆ ಆ ಸದ್ದು ಕೇಳಿದ ಮೇಲೆ ಅವರು ಏನನ್ನುತ್ತಾರೆ ಅಂತ, ನೀರು ಎಷ್ಟು ಸೆಂಟಿಮೀಟರ್ ಏರಿತು ಅಂತ, ಎರಡನ್ನೂ ನನಗೆ ಬರೆಯಿರಿ.